ಎದುರು ಮನೆಯ ಟು, ನಮ್ಮ ಮನೆಯ ಇಂಗ್

ನಮ್ಮ ಮನೆಯನ್ನು ಊರವರು ಇಂಗ್ ಮನೆ ಎನ್ನುತ್ತಿದ್ದರು. ಹೊರಗಿನಿಂದ ಬಂದವರು ಸಾರಿಗೆ ಹಾಕುವ ಇಂಗೆಂದು ತಿಳಿದು ಡಬ್ಬಿ ಹಿಡಿದು ಬಂದದ್ದೂ ಉಂಟು. ಅಂಥವರನ್ನು ನಾನು ಜಗಲಿಯ ಮೇಲೆ ಕೂರಿಸಿ, ಇದು ಒಗ್ಗರಣೆಯ ಇಂಗಲ್ಲ, ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಹತ್ತುವ ಇಂಗ್ ಎಂದು ತಿಳಿಸಿ, ನೀರು ಬೆಲ್ಲ ಕೊಟ್ಟು ಕಳಿಸುತ್ತಿದ್ದೆ. ನಮ್ಮೂರಲ್ಲಿ ಇಂಗ್ಲಿಷ್ ವ್ಯಾಕರಣದ ಒಂದೊಂದು ನಿಯಮ ಒಂದೊಂದು ಮನೆಯಲ್ಲಿರುತ್ತದೆ. ಒಬ್ಬರ ಮನೆಯಲ್ಲಿ ಏಣಿ, ಇನ್ನೊಬ್ಬರ ಮನೆಯಲ್ಲಿ ದೊಡ್ಡ ಹಂಡೆ, ಮತ್ತೊಬ್ಬರ ಮನೆಯಲ್ಲಿ ಒಳ್ಳೆಯ ಹೆಪ್ಪು ಇರುತ್ತದಲ್ಲ, ಹಾಗೆ. ಬೇಕಾದವರು ಹೋಗಿ ಕೇಳುತ್ತಾರೆ, ಇದ್ದವರು ಕೊಡುತ್ತಾರೆ. ಸರಿಮಾಡಿಸಿಕೊಂಡು ಹೋದ ವಾಕ್ಯ ಅವರ ಬಳಿ ಉಳಿಯುತ್ತದೆ, ನಿಯಮ ಮಾತ್ರ ಬೀದಿಯ ತಿರುವಿನಲ್ಲೇ ಮರೆತುಹೋಗುತ್ತದೆ. ನಾಳೆ ಇನ್ನೊಂದು ವಾಕ್ಯ ಬೇಕಾದರೆ ಮತ್ತೆ ಬರಬೇಕು. ಇದಕ್ಕೆ ನಮ್ಮೂರಲ್ಲಿ ಯಾರೂ ಬೇಸರ ಮಾಡಿಕೊಂಡವರಲ್ಲ.

ನನಗೆ ಇಂಗ್ ಬಂದದ್ದು ನಮ್ಮ ಅವ್ವನಿಂದ. ಅವಳು ತೀರಿಕೊಳ್ಳುವ ಮೊದಲು ನನ್ನ ಮಡಿಲಿಗೆ ಅಕ್ಕಿ ಕಾಯಿ ಹಾಕಿ, ನಿಯಮವನ್ನು ಕಿವಿಯಲ್ಲಿ ಹೇಳಿ, "ಜೋಪಾನ ಕಣೇ ಸರ್ವಮಂಗಳ" ಎಂದಿದ್ದಳು. ಇಂಗ್ಲಿಷಿನಲ್ಲಿ ಕೆಲವು ಗಿಡ್ಡ ಪದಗಳಿವೆ, ಪ್ರಿಪೊಸಿಷನ್ ಎನ್ನುತ್ತಾರೆ. ವಿದೌಟ್, ಬಿಫೋರ್, ಆಫ್ಟರ್, ಅಟ್, ಆಫ್, ಫಾರ್. ಅವುಗಳ ಬೆನ್ನಿಗೆ ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಹತ್ತಿಸುವುದು ನಮ್ಮ ಮನೆಯ ಕೆಲಸ. ವಿದೌಟ್ ಈಟಿಂಗ್, ಬಿಫೋರ್ ಸ್ಲೀಪಿಂಗ್, ಗುಡ್ ಅಟ್ ಕುಕಿಂಗ್. ನಮ್ಮ ಎದುರಿಗೇ, ಓಣಿಯ ಆಚೆ ಬದಿಗೆ, ಟು ಮನೆ. ವಾಂಟ್, ಹೋಪ್, ಡಿಸೈಡ್ ಎಂದು ಯಾರಾದರೂ ಆಸೆ ಪಟ್ಟರೆ, ಮನಸ್ಸು ಮಾಡಿದರೆ, ಅವರ ಕ್ರಿಯಾಪದದ ಮುಂದೆ ಟು ನಿಲ್ಲಿಸಿ ಕಳಿಸುವುದು ಆ ಮನೆಯ ಗುರುಶಾಂತನ ಪಾಲಿಗೆ ಬಂದಿತ್ತು. ನಮ್ಮಿಬ್ಬರ ವ್ಯತ್ಯಾಸ ಕೇಳಿದವರಿಗೆ ನಾನು ಹೇಳುತ್ತಿದ್ದುದು ಇಷ್ಟೇ: "ಅವರದು ಅಕ್ಕಿ, ನಮ್ದು ಅನ್ನ. ಆಸೆ ಪಡೋನಿಗೆ ಅಕ್ಕಿ ಸಾಕು, ಮುಂದೆ ಯಾವಾಗಲೋ ಬೇಯಿಸ್ಕೊಂತಾನೆ. ಈ ಗಿಡ್ಡ ಪದಗಳಿಗೆ ಹಂಗಾಗಲ್ಲ. ಅವಕ್ಕೆ ಕೈ ಹಾಕಿದ್ರೆ ಸಿಗೋ ಅಂಥ ಬೆಂದ ಪದಾರ್ಥ ಬೇಕು." ಹೀಗೆ ಹೇಳಿ ಸರಿಮಾಡಿ ಕಳಿಸಿದ ವಾಕ್ಯಗಳಲ್ಲಿ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ.

ನಿಯಮ ಇಟ್ಟುಕೊಂಡವರಿಗೆ ಅದರ ಗುಣವೂ ಹತ್ತುತ್ತದೆ. ಗುರುಶಾಂತ ಸ್ಟವ್ ರಿಪೇರಿ ಮಾಡುತ್ತಿದ್ದ. ಮಾಡುತ್ತಿದ್ದ ಎನ್ನುವುದಕ್ಕಿಂತ ಮಾಡಬೇಕೆಂದಿದ್ದ ಎನ್ನುವುದೇ ಸರಿ. ಅವನ ಜಗಲಿಯ ತುಂಬ ಬಿಚ್ಚಿಟ್ಟ ಸ್ಟವ್‌ಗಳು, ಒಂದೊಂದರ ಮೇಲೂ ಅವನ ಒಂದೊಂದು ಒಳ್ಳೆಯ ಉದ್ದೇಶ. ನಾನೋ, ಕೈ ಸುಮ್ಮನಿರದ ಹೆಂಗಸು. ವಾಕ್ಯ ಕೇಳಿಸಿಕೊಳ್ಳುತ್ತ ಕೌದಿ ಹೊಲಿಯುತ್ತಿದ್ದೆ, ಕೌದಿ ಹೊಲಿಯುತ್ತ ಒಲೆಯ ಮೇಲಿನ ಬೇಳೆಯನ್ನೂ ನೋಡಿಕೊಳ್ಳುತ್ತಿದ್ದೆ. ಊರಿನ ಯಜಮಾನ ಕರಿಬಸಪ್ಪನವರ ಮನೆಯಲ್ಲಿ ಪ್ಯಾಸಿವ್ ವಾಯ್ಸ್ ಇತ್ತು. ಅವರು ತಾವೇ ಏನನ್ನೂ ಮಾಡಿದವರಲ್ಲ. ಎಲ್ಲವೂ ಮಾಡಲಾಗುತ್ತಿತ್ತು, ನೋಡಲಾಗುತ್ತಿತ್ತು, ತೀರ್ಮಾನಿಸಲಾಗುತ್ತಿತ್ತು. ಪಂಚಾಯಿತಿಗೆ ಇದಕ್ಕಿಂತ ಯೋಗ್ಯರು ಸಿಗುತ್ತಾರೆಯೇ? ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸೀಮೆಯಲ್ಲೇ ಇರಲಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಒಂದು ಸೂರಿನಡಿ ಎರಡು ನಿಯಮ ನಿಲ್ಲುವುದಿಲ್ಲ. ನಿಯಮ ಹೊತ್ತ ಇಬ್ಬರು ಒಂದೇ ಸೂರಿನಡಿ ಬಂದರೆ ಎರಡೂ ಒಡೆದ ಹಾಲಾಗಿ ಹೋಗುತ್ತವೆ, ಮತ್ತೆ ಕೂಡುವುದಿಲ್ಲ. ಅದಕ್ಕೇ ನಮ್ಮಂಥವರು ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಮದುವೆ, ಮುಂಜಿ, ಪಂಚಾಯಿತಿ ಎಲ್ಲ ಬಯಲಲ್ಲೇ. ಬೇವಿನ ಮರದ ನೆರಳು ಸೂರಲ್ಲವೆಂದು ಕರಿಬಸಪ್ಪನವರ ತಾತನ ಕಾಲದಲ್ಲೇ ತೀರ್ಮಾನಿಸಲಾಗಿದೆ. ಆದರೆ ಕೊಡೆ ಸೂರು. ಇದು ಗೊತ್ತಾದದ್ದು ಇಂಗ್ಲಿಷಿನ ಆರ್ಟಿಕಲ್ಲುಗಳಾದ ಎ, ದಿ ಇದ್ದ ಎರಡು ಮನೆಗಳಲ್ಲಿ ಎ ಮನೆಯ ಮಗಳೂ ದಿ ಮನೆಯ ಮಗನೂ ಸಂತೆಯಿಂದ ಬರುವಾಗ ಮಳೆಗೆ ಸಿಕ್ಕಿ ಒಂದೇ ಕೊಡೆಯಡಿ ನಡೆದುಬಂದ ದಿನ. ಮನೆ ಮುಟ್ಟುವಷ್ಟರಲ್ಲಿ ಇಬ್ಬರ ತಲೆಯೂ ಖಾಲಿ. ಅವರಿಬ್ಬರೂ ಮದುವೆಯಾಗಿ ಸುಖವಾಗಿದ್ದಾರೆ, ಅದು ಬೇರೆ ಮಾತು. ಊರಿಗೆ ಮಾತ್ರ ಅಂದಿನಿಂದ ಎ ಯಾವುದಕ್ಕೆ, ದಿ ಯಾವುದಕ್ಕೆ ಎಂಬುದು ತಿಳಿಯದು. ನಮ್ಮಲ್ಲಿ ಎ ಸೂರ್ಯ ಹುಟ್ಟುತ್ತಾನೆ, ಜನ ದಿ ಕಾಫಿ ಕುಡಿಯುತ್ತಾರೆ.

ಹೀಗಾಗಿ ನಾನೂ ಗುರುಶಾಂತನೂ ಓಣಿಯ ಆಚೆ ಈಚೆ ಕೂತೇ ಮಾತಾಡಿದವರು. ಅವನ ಹೆಂಡತಿ ಮದುವೆಯಾದ ವರ್ಷವೇ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ನಾನಂತೂ, ಇಂಗ್ ಹೊತ್ತವಳನ್ನು ಯಾವ ಮನೆ ಸೇರಿಸುತ್ತದೆ ಎಂದು, ಆ ಯೋಚನೆಯನ್ನೇ ಅಟ್ಟಕ್ಕೆ ಹಾಕಿದ್ದೆ. ನಮ್ಮಿಬ್ಬರನ್ನು ಹತ್ತಿರ ತಂದದ್ದು ಒಂದು ಜಗಳ. ಬೀಗರಿಗೆ ಪತ್ರ ಬರೆಯುವವರು ಕೊನೆಯಲ್ಲಿ, ನಿಮ್ಮನ್ನು ಕಾಣಲು ಕಾತರದಿಂದಿದ್ದೇವೆ ಎಂದು ಬರೆಯಬೇಕಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಲುಕಿಂಗ್ ಫಾರ್ವರ್ಡ್ ಟು ಎಂದಿದೆ. ಆ ಟು ಆದ ಮೇಲೆ ಸೀ ಎನ್ನಬೇಕೋ ಸೀಯಿಂಗ್ ಎನ್ನಬೇಕೋ? ಬಂದವರು ಓಣಿಯ ನಡುವಿನ ಚಪ್ಪಡಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದರು, ನಾವು ಎರಡೂ ಜಗಲಿಗಳಿಂದ ಶುರುಮಾಡುತ್ತಿದ್ದೆವು.

"ಟು ಕಾಣ್ತಾ ಇದೆಯಲ್ರೀ, ಇದು ನಮ್ಮನೇದು" ಎಂದು ಅವನು.

"ಹೆಸರು ಟು ಆದ್ರೆ ನಿಮ್ಮನೇದಾಗೋಯ್ತಾ? ನಮ್ಮ ಬೀದೀಲಿ ಮೂರು ಜನ ಬಸಣ್ಣ ಇದಾರೆ. ಒಬ್ಬನ ಹೆಂಡ್ತಿ ಊಟಕ್ಕೆ ಕರೆದ್ರೆ ಮೂರೂ ಜನ ಹೋಗಿ ಕೂರ್ತಾರಾ? ಈ ಟು ನೋಡೋಕೆ ನಿಮ್ಮದು, ಗುಣದಲ್ಲಿ ನಮ್ಮ ಗಿಡ್ಡ ಪದಗಳ ಪೈಕಿ. ಸೀಯಿಂಗ್ ಅಂತ ಬರ್ಕೊಳಪ್ಪಾ ನೀನು, ಅವರ ಮಾತು ಕೇಳ್ಬೇಡ."

ಗೆಲ್ಲುವುದು ಯಾವಾಗಲೂ ನಾನೇ. ಅದು ಅವನಿಗೂ ಗೊತ್ತಿತ್ತು. ಆದರೂ ಪ್ರತಿಸಲ ವಾದಕ್ಕೆ ನಿಲ್ಲುತ್ತಿದ್ದ. ವಾದ ಮುಗಿದ ಮೇಲೆ ಅವನ ಮುಖದಲ್ಲಿ ಸೋತವನ ಸಪ್ಪೆತನದ ಬದಲು ಹೊಟ್ಟೆ ತುಂಬಿದವನ ಸಂತೋಷ ಇರುತ್ತಿತ್ತು. ಬರಬರುತ್ತ ನನಗೆ ಅರ್ಥವಾಯಿತು, ಇವನು ಸೋಲಲೆಂದೇ ಕಾಯುತ್ತಾನೆ. ಅರ್ಥವಾದ ಮೇಲೆ ನಾನೂ ಬೇಗ ಗೆಲ್ಲುವುದನ್ನು ಬಿಟ್ಟೆ.

ಅಂಥದೇ ಒಂದು ವಾದ ಮುಗಿದು, ಪತ್ರದವನು ಎದ್ದುಹೋದ ಸಂಜೆ, ಸಣ್ಣಗೆ ಹನಿಯತೊಡಗಿತು. ಅವನು ತನ್ನ ಕೊಡೆ ಬಿಚ್ಚಿ ಓಣಿಗಿಳಿದ, ನಾನು ನನ್ನದನ್ನು ಬಿಚ್ಚಿದೆ. ಎರಡೂ ಕೊಡೆಗಳ ಅಂಚು ತಾಗದಷ್ಟು ದೂರದಲ್ಲಿ ನಿಂತೆವು. ಅವನು ನೆಲ ನೋಡುತ್ತ ಅಂದ, "ಎಷ್ಟು ದಿನ ಅಂತ ಹಿಂಗೆ ಎರಡು ಕೊಡೆ ಹಿಡಿಯೋದು ಸರ್ವಮಂಗಳ? ಒಂದೇ ಕೊಡೇಲಿ ಇರಬೇಕು ಅನ್ಸುತ್ತೆ."

"ಅನ್ಸುತ್ತೆ ಅಂತ ಇನ್ನೆಷ್ಟು ವರ್ಷ ಅನ್ನಿಸ್ಕೊಂಡು ಕೂತಿರ್ತೀರಿ?"

"ಯಜಮಾನ್ರ ಹತ್ರ ಮಾತಾಡಬೇಕು ಅಂತಿದೀನಿ. ಬೇಕಾದ್ರೆ ನನ್ನ ಟು ಯಾರಿಗಾದ್ರೂ ಕೊಟ್ಟುಬಿಡಬೇಕು ಅಂತಾನೂ ಇದೆ."

"ಆ ಸ್ಟವ್‌ಗಳ ಮೇಲೂ ನಿಮಗೆ ಇಂಥದೇ ಆಸೆ ಇದೆ, ನೋಡಿದೀನಿ. ನೀವು ಸುಮ್ನಿರಿ. ಹೋಗಿ ಹೇಳೋಳು ನಾನು, ಕೊಡೋಳೂ ನಾನೇ" ಎಂದೆ. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡೆ. ನಲವತ್ತು ದಾಟಿದ ಹೆಂಗಸಿಗೆ ಇದು ಬೇಕಿತ್ತೇ ಎಂದು ಕೇಳಿಕೊಂಡೆ. ಬೇಕಿತ್ತು, ಬಹಳ ಬೇಕಿತ್ತು.

ಪಂಚಾಯಿತಿ ಬೇವಿನ ಮರದಡಿ ಸೇರಿತು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಮಕ್ಕಳ ತಂದೆ ತಾಯಂದಿರೆಲ್ಲ ಬಂದು ಕೂತಿದ್ದರು. ಇಂಗ್ ಹೋದರೆ ತಮ್ಮ ಮಕ್ಕಳ ಗತಿಯೇನು ಎಂಬ ಭಯ ಎಲ್ಲರ ಮುಖದಲ್ಲಿತ್ತು. ಅವರ ಭಯ ಸುಳ್ಳಲ್ಲ. ಎ ಮತ್ತು ದಿ ಹೋದ ಮೇಲೆ ಆದ ಪಾಡನ್ನು ಅವರು ಕಂಡಿದ್ದರು. ಕರಿಬಸಪ್ಪನವರು ಗಂಟಲು ಸರಿಮಾಡಿಕೊಂಡು ಅಂದರು, "ಅರ್ಜಿ ಪರಿಶೀಲಿಸಲಾಗಿದೆ. ಮದುವೆಗೆ ಒಪ್ಪಿಗೆ ನೀಡಲಾಗಿದೆ. ಒಂದೇ ಸೂರಿನಡಿ ವಾಸವನ್ನು ನಿಷೇಧಿಸಲಾಗಿದೆ."

"ಯಜಮಾನ್ರೇ, ಅವರು ಆ ಕಡೆ, ನಾನು ಈ ಕಡೆ ಇರೋದಕ್ಕೆ ಮದುವೆ ಯಾಕೆ? ಈಗ್ಲೂ ಹಂಗೇ ಇದೀವಲ್ಲ" ಎಂದೆ. ಜನ ನಕ್ಕರು. ನಾನು ನಗಲಿಲ್ಲ. "ನನ್ನ ಇಂಗ್ ಕೊಟ್ಟುಬಿಡ್ತೀನಿ. ಖಾಲಿ ಕೈಯಲ್ಲಿ ಆ ಮನೆಗೆ ಹೋಗ್ತೀನಿ. ಒಂದು ಸೂರು, ಒಂದೇ ನಿಯಮ. ನನ್ನ ಮನೆ ಇಲ್ಲೇ ಇದೆ, ಜಗಲಿ ಇದೆ, ಬಾವಿ ಇದೆ. ಬಂದು ಇರೋರು ಯಾರು ಹೇಳಿ."

ಯಾರೂ ಏಳಲಿಲ್ಲ. ನಿಯಮ ಇದ್ದವರು ಇನ್ನೊಂದನ್ನು ತೆಗೆದುಕೊಳ್ಳುವಂತಿಲ್ಲ. ಇಲ್ಲದವರಿಗೆ ಅದರ ಗೊಡವೆ ಬೇಡ. ಬೇಕಾದ ಮನೆಗೆ ನುಗ್ಗಿ ಬೇಕಾದವರ ಪಕ್ಕ ಕೂತು ಹರಟುವ ಸುಖವನ್ನು ಯಾರು ಬಿಡುತ್ತಾರೆ? ಮೇಲಾಗಿ, ನಿಯಮ ಎಂದಿಗೂ ಮನೆಯೊಳಗೇ, ಹೆತ್ತವರಿಂದ ಮಕ್ಕಳಿಗೆ ಹೋದದ್ದು. ಬಯಲಲ್ಲಿ ಹೊರಗಿನವರಿಗೆ ಕೊಟ್ಟರೆ ಹೋಗುತ್ತದೋ, ನಡುವೆಯೇ ಚೆಲ್ಲಿಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಗುರುಶಾಂತ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಇದ್ದ ಆಸೆಗಳು ಒಂದೊಂದಾಗಿ ಆರುತ್ತಿರುವುದು ನನಗೆ ಕಾಣುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದುಕೊಂಡೆ.

ಆಗ ಹೆಂಗಸರ ಗುಂಪಿನಿಂದ ಚೆನ್ನಾಜಮ್ಮ ಎದ್ದು ನಿಂತರು. ಚೆನ್ನಾಜಮ್ಮ ಎಂದರೆ ಕರಿಬಸಪ್ಪನವರ ಹೆಂಡತಿ. ಅರವತ್ತರ ಹತ್ತಿರದ, ಯಾರ ಕಣ್ಣಿಗೂ ಬೀಳದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ತಗೋತೀನಿ" ಅಂದರು.

ಕರಿಬಸಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. "ಏನು ಹೇಳಲಾಗುತ್ತಿದೆ?" ಎಂದು ಸುತ್ತ ನೋಡಿದರು.

"ಹೇಳಲಾಗ್ತಾ ಇಲ್ಲ, ನಾನು ಹೇಳ್ತಾ ಇದೀನಿ" ಅಂದರು ಚೆನ್ನಾಜಮ್ಮ. "ಇವರ ಮನೆಗೆ ಬಂದಾಗಿಂದ ಕೇಳ್ತಾ ಇದೀನಿ. ಸಾರಿಗೆ ಉಪ್ಪು ಹೆಚ್ಚು ಹಾಕಲಾಗಿದೆ. ಪಂಚೆ ಚೆನ್ನಾಗಿ ಒಗೆಯಲಾಗಿಲ್ಲ. ಹಾಕಿದೋರು ಯಾರು, ಒಗೆದೋರು ಯಾರು, ಒಂದಿನ ಬಾಯಲ್ಲಿ ಬಂದಿಲ್ಲ. ಬೈಯೋದಾದ್ರೂ ನನ್ನ ಹೆಸರು ಹಿಡಿದು ಬೈದಿದ್ರೆ ಇದೀನಿ ಅಂತ ಅನ್ನಿಸ್ತಿತ್ತು. ಊರಲ್ಲಿ ಎಲ್ಲರ ಮನೆ ಬಾಗಿಲಿಗೂ ಜನ ಏನೋ ಒಂದು ಕೇಳ್ಕೊಂಡು ಬರ್ತಾರೆ. ನನ್ನ ಹತ್ರ ಯಾರೂ ಏನೂ ಕೇಳ್ಕೊಂಡು ಬಂದಿಲ್ಲ. ಕೊಡು ಮಗಳೇ ಮಂಗಳ, ನಾನು ನಿನ್ನ ಮನೇಲಿ ಹೋಗಿ ಇರ್ತೀನಿ."

ಯಜಮಾನರ ಮುಖ ಬಿಳಿಚಿತು. ಅವರ ಪ್ಯಾಸಿವ್ ಇರುವ ಸೂರಿನಡಿಗೆ ಇಂಗ್ ಹೊತ್ತ ಹೆಂಡತಿ ಮತ್ತೆ ಬರುವಂತಿಲ್ಲವೆಂಬುದು ಆಗ ಹೊಳೆಯಿತು. ಆ ಗಾಬರಿಯಲ್ಲಿ ಅವರ ಬಾಯಿಂದ ನೇರ ಮಾತೇ ಬಂತು: "ಹಂಗಾದ್ರೆ ನಂಗೆ ಅಡುಗೆ ಯಾರು ಮಾಡ್ತಾರೆ?"

"ನೋಡಿ, ಕೊನೆಗೂ ಗೊತ್ತಾಯ್ತು, ಮಾಡೋರು ಒಬ್ಬರಿದ್ರು ಅಂತ" ಅಂದರು ಚೆನ್ನಾಜಮ್ಮ. ಆ ಮಾತಿಗೆ ಬೇವಿನ ಮರದಡಿ ಇದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕದ್ದು ಸಂತೆಮಾಳದವರೆಗೂ ಕೇಳಿಸಿತಂತೆ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ತೀರ್ಮಾನವನ್ನು ಯಾರೂ ಪ್ರಕಟಿಸಲಿಲ್ಲ, ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ.

ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ ತಂದರು. ಚೆನ್ನಾಜಮ್ಮ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗೊಡ್ಡಿದರು. ಮೊದಲ ಹಿಡಿ ಅಕ್ಕಿ ಹಾಕಿದೆ. ಅಲ್ಲಿಯವರೆಗೆ ನಾನು ಧೈರ್ಯವಾಗಿಯೇ ಇದ್ದೆ, ಯಾರನ್ನು ಬೇಕಾದರೂ ಕೇಳಿ. ಆದರೆ ಆಗ ಅವ್ವನ ನೆನಪಾಯಿತು. ಅವಳು ಕೊಟ್ಟದ್ದು ಅದೊಂದೇ. ಅದರಿಂದಲೇ ನಾನು ಊರಿಗೆ ಬೇಕಾದವಳಾಗಿದ್ದೆ. ಅದನ್ನು ಕೊಟ್ಟ ಮೇಲೆ ಕೌದಿ ಹೊಲಿಯುವ ಒಬ್ಬ ಸರ್ವಮಂಗಳ, ಅಷ್ಟೇ. ಅವ್ವ ಜೋಪಾನ ಎಂದದ್ದು ನಿಯಮಕ್ಕೋ ನನಗೋ ಎಂದು ಒಂದು ಕ್ಷಣ ಯೋಚಿಸಿದೆ. ನನಗೇ ಇರಬೇಕೆಂದು ನಾನೇ ತೀರ್ಮಾನ ಮಾಡಿಕೊಂಡೆ. ಚೆನ್ನಾಜಮ್ಮನ ಕಿವಿಯ ಹತ್ತಿರ ಬಾಗಿ ನಿಯಮ ಹೇಳಿದೆ.

ಪರೀಕ್ಷೆ ಮಾಡಲು ಯಜಮಾನರೇ ಮುಂದೆ ಬಂದರು. ಆ ಹೊತ್ತಿನಲ್ಲಿ ಅವರಿಗೆ ಬೇರಾವ ವಾಕ್ಯ ತಾನೇ ಹೊಳೆಯಬೇಕು? "ಶಿ ವೆಂಟ್ ಅವೇ ವಿದೌಟ್... ಟು ಆಸ್ಕ್ ಅನ್ನಬೇಕೋ, ಆಸ್ಕಿಂಗ್ ಅನ್ನಬೇಕೋ?" ಎಂದು ಹೆಂಡತಿಯ ಮುಖ ನೋಡಿದರು.

"ಆಸ್ಕಿಂಗ್. ವಿದೌಟ್ ಆಸ್ಕಿಂಗ್. ಅನ್ನ ಕಣ್ರೀ, ಅಕ್ಕಿ ಅಲ್ಲ" ಅಂದರು ಚೆನ್ನಾಜಮ್ಮ, ಹುಟ್ಟಿದಾಗಿನಿಂದ ಅದೇ ಕಸುಬು ಮಾಡಿದವರ ಹಾಗೆ. ಮಕ್ಕಳ ತಾಯಂದಿರು ಉಸಿರು ಬಿಟ್ಟರು. ಯಾರೋ ನನ್ನನ್ನೂ ಒಂದು ಕೇಳಿದರು, ಬಿಫೋರ್ ಎಂದು ಶುರುವಾಗುವ ಸುಲಭದ್ದೊಂದನ್ನು. ನಾನು ಬಾಯಿ ತೆರೆದೆ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗಾಯಿತು. ಇಷ್ಟು ವರ್ಷ ಇಂಗ್ ಮನೆಯವಳೆನಿಸಿಕೊಂಡವಳು ಇಂಗು ತಿಂದ ಮಂಗನ ಹಾಗೆ ನಿಂತೆ. ಮೇಲೆ ಅಕ್ಕಿ, ಅನ್ನ ಎಂದು ನಾನು ಬರೆದಿರುವುದೆಲ್ಲ ಈಗ ಚೆನ್ನಾಜಮ್ಮನ ಬಾಯಿಂದ ಕೇಳಿ, ಮರೆಯುವ ಮುಂಚೆ ಅವರ ಜಗಲಿಯ ಮೇಲೆ ಕೂತೇ ಬರೆದುಕೊಂಡದ್ದು. ಓದಿದರೆ ಯಾರೋ ಜಾಣೆ ಹೇಳಿದ್ದೆನಿಸುತ್ತದೆ.

ಮದುವೆ ಓಣಿಯ ನಡುವೆಯೇ ಆಯಿತು, ಚಪ್ಪರ ಇಲ್ಲದೆ, ಬಿಸಿಲಲ್ಲಿ. ಚೆನ್ನಾಜಮ್ಮ ಒಂದು ಟ್ರಂಕು, ಒಂದು ಒನಕೆ ತಂದು ನಮ್ಮ ಮನೆ ಸೇರಿದರು. ಕರಿಬಸಪ್ಪನವರು ದಿನಾ ಸಂಜೆ ತಮ್ಮ ಕೊಡೆ ಹಿಡಿದು ಆ ಜಗಲಿಯ ಕೆಳಗೆ, ಬೀದಿಯಲ್ಲಿ ಬಂದು ನಿಲ್ಲುತ್ತಾರೆ. "ಚೆನ್ನಾಜಿ, ನಾನು ಬಂದೆ. ಇವತ್ತು ನಾನೇ ಸಾರು ಮಾಡಿದ್ದೆ" ಎನ್ನುತ್ತಾರೆ. ಉಪ್ಪು ಹೆಚ್ಚಾಯಿತೇ ಎಂದು ಇವರು ಕೇಳುತ್ತಾರೆ. ಹೆಚ್ಚು ಹಾಕಿಬಿಟ್ಟೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಗಂಡ ಹೆಂಡತಿ ಇಷ್ಟು ಮಾತಾಡಿದ್ದನ್ನು ಊರು ಹಿಂದೆ ಕಂಡಿರಲಿಲ್ಲ.

ನಾನು ಎದುರು ಮನೆಯ ಹೊಸಿಲು ದಾಟಿದೆ. ಇಷ್ಟು ವರ್ಷ ನೋಡಿದ್ದ ಮನೆ, ಒಳಗೆ ಹೇಗಿದೆಯೆಂದೇ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಎದ್ದು, ತಲೆ ಬಾಚಿ, ಸೂಜಿ ದಾರ ಹಿಡಿದು ಜಗಲಿಗೆ ಬಂದು ಕೂತೆ. ಜನ ಬಂದರು. ಆಸೆಯವರು ಗುರುಶಾಂತನ ಮುಂದೆ ನಿಂತರು, ಉಳಿದವರು ಓಣಿಯಲ್ಲಿ ಹೊರಳಿ ಚೆನ್ನಾಜಮ್ಮನ ಕಡೆ ಹೋದರು. ನನ್ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಪತ್ರದವನೊಬ್ಬ ನನ್ನ ಕಾಲ ಬಳಿಯ ಸ್ಟವ್ ದಾಟಿಕೊಂಡು ಹೋದ, ನಾನೂ ಒಂದು ಸ್ಟವ್ ಎಂಬಂತೆ. ಕಣ್ಣು ತುಂಬಿ ಬಂದು ಸೂಜಿಯ ಕಣ್ಣು ಕಾಣದಾಯಿತು. ಮಾಡಿದ್ದಕ್ಕೆ ಪಶ್ಚಾತ್ತಾಪ ಇರಲಿಲ್ಲ, ಆದರೂ ಅಳು ಬಂತು. ಅತ್ತುಬಿಟ್ಟೆ.

ಜನ ಕರಗಿದ ಮೇಲೆ ಗುರುಶಾಂತ ಒಳಗೆ ಹೋದ. ಪಾತ್ರೆ ಸದ್ದಾಯಿತು, ಸ್ಟವ್ ಉರಿದ ಸದ್ದೂ ಆಯಿತು. ಅವನು ಒಂದನ್ನಾದರೂ ರಿಪೇರಿ ಮಾಡಿ ಮುಗಿಸಿದ್ದ ಎಂದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಸಕ್ಕರೆ ಡಬ್ಬಿ. ಲೋಟ ಕೊಡಲೂ ಇಲ್ಲ, ಕೂರಲೂ ಇಲ್ಲ, ಏನೋ ದೊಡ್ಡ ಸಂಕಟದಲ್ಲಿ ಸಿಕ್ಕಿದವನ ಹಾಗಿದ್ದ.

"ಏನ್ರೀ?" ಎಂದೆ, ಕಣ್ಣೊರೆಸಿಕೊಂಡು.

"ಇಷ್ಟು ವರ್ಷ ಎದುರೆದುರಿಗೆ ಇದ್ವಿ, ನಂಗೆ ಇದೇ ಗೊತ್ತಿಲ್ಲ ನೋಡು" ಎಂದ. "ನಿಂಗೆ ಸಕ್ಕರೆ ಎಷ್ಟು ಹಾಕ್ಲಿ?"

ಹುಟ್ಟಿದಾಗಿನಿಂದ ನಮ್ಮ ಮನೆಗೆ ಜನ ಕೇಳಿಕೊಂಡೇ ಬಂದಿದ್ದರು. ಅವ್ವನನ್ನು ಕೇಳಿದರು, ಆಮೇಲೆ ನನ್ನನ್ನು ಕೇಳಿದರು. ಸಾವಿರ ಜನರಿಗೆ ನಾನು ತಡವರಿಸದೆ ಉತ್ತರ ಹೇಳಿದವಳು. ನನ್ನ ಬಗ್ಗೆ ಯಾರಾದರೂ ಏನಾದರೂ ಕೇಳಿದ್ದು ನೆನಪಿಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಅವನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.